ಖಾಲಿ ಚೌಕದ ಮುಖ

ಒಂಬತ್ತನೆಯ ಕಂತು

“ಬೆನ್ನು ತೆಗೀಬೇಡಿ ಸಾರ್ಜೆಂಟ್. ಮತ್ತೆ ಸರಿಯಾಗಿ ಕೂರೋದಿಲ್ಲ ಅದು,” ಎಂದಳು ಅಂಗಡಿಯ ತ್ರುಫೇನಾ.

ಆಕುಮು ಆಗಲೇ ಫೋನಿನ ಹಿಂಬದಿಯ ಮುಚ್ಚಳ ಕಿತ್ತಿದ್ದಳು. ಬ್ಯಾಟರಿ ಅಂಗೈಗೆ ಜಾರಿತು. ಅದರಡಿಯ ಗೂಡು ಖಾಲಿ.

“ಎಲ್ಕಾನ ತನ್ನ ಸಿಮ್ ತೆಗೆದದ್ದನ್ನ ನೀನೇ ನೋಡಿದ್ಯಾ?”

“ಶನಿವಾರ ಸಾಯಂಕಾಲ, ಇದೇ ಸ್ಟೂಲಿನ ಮೇಲೆ ಕೂತು ತೆಗೆದ. ಮಾತ್ರೆ ಡಬ್ಬೀಲಿ ಹಾಕ್ಕೊಂಡ, ಎದ್ದು ಹೋದ. ದಿನಾ ನನ್ನ ಒಂದು ಸಲ ಕೆಣಕದೆ ಹೋದವನಲ್ಲ. ಅವತ್ತು ಮಾತೇ ಇಲ್ಲ.”

ಮರುದಿನ, ಸರೋವರದ ನ್ಯಾಗೋಕೊ ದಡದ ಜನವೆಲ್ಲ ಚರ್ಚಿನಲ್ಲಿದ್ದಾಗ, ಮೀನಿನ ದಲ್ಲಾಳಿ ಎಲ್ಕಾನ ವಾಸೊಂಗ ಐಸ್ ಮನೆಯ ಹಿಂದಿನ ನೀರಿನಲ್ಲಿ ಹೆಣವಾಗಿದ್ದ. ಸೊಂಟಕ್ಕೆ ಬಿಗಿದಿದ್ದ ಲಂಗರಿನ ಹಗ್ಗ ದೋಣಿಕಾರ ಒಬಿಯೆರೊನದು. ಅವತ್ತು ಚರ್ಚಿಗೆ ಬಾರದವನೂ ಒಬಿಯೆರೊ. ಜನಕ್ಕೆ ಅಷ್ಟು ಸಾಕಾಯಿತು.

ಆಕುಮುವಿಗೆ ಸಾಕಾಗಿರಲಿಲ್ಲ. ಹೆಣದ ಜೇಬಿನಲ್ಲಿ ನೋಟುಗಳು ಹಾಗೆಯೇ ಇದ್ದವು. ಮಾತ್ರೆ ಡಬ್ಬಿಯೂ ಇತ್ತು. ಅದರೊಳಗೆ ಸಿಮ್ ಇರಲಿಲ್ಲ. ದುಡ್ಡು ಬಿಟ್ಟು ಉಗುರಗಲದ ಸಿಮ್ ಒಯ್ಯುವ ಕೊಲೆಗಾರ ಯಾರು? ಒಬಿಯೆರೊ ಜನ್ಮದಲ್ಲಿ ಫೋನು ಮುಟ್ಟಿದವನಲ್ಲ. ಗುಂಡಿ ತಪ್ಪಿ ಒತ್ತಿದರೆ ಸಿಡಿಯುತ್ತದೆ ಎಂದು ನಂಬಿದವನು.

ಈಗ ಅವನು ಜಾಲಿ ಮರದ ಕೆಳಗೆ ನಿಂತ ಪೊಲೀಸ್ ಲಾರಿಯಲ್ಲಿ ಕೈಕೋಳ ಹಾಕಿಸಿಕೊಂಡು ಕೂತಿದ್ದ. ಕಾರ್ಪೊರಲ್ ಕಿಪ್ರೋನೊನ ಊಟ ಮುಗಿದ ಕೂಡಲೇ ಲಾರಿ ಪಟ್ಟಣದ ಜೈಲಿಗೆ ಹೊರಡುತ್ತಿತ್ತು. ಆ ಜೈಲಿಗೆ ಹೋದವರ ಹೆಸರನ್ನು ನ್ಯಾಯಾಧೀಶರು ಕೂಗುವ ಹೊತ್ತಿಗೆ ಮಕ್ಕಳು ಮದುವೆಗೆ ಬಂದಿರುತ್ತಾರೆ. ಕಿಪ್ರೋನೊ ಮೀನಿಲ್ಲದ ಉಗಾಲಿ ಮುದ್ದೆಯನ್ನು ಶಪಿಸುತ್ತ ಉಣ್ಣುತ್ತಿದ್ದ. ಆ ಶಾಪವೇ ಆಕುಮುವಿಗೆ ಉಳಿದಿದ್ದ ಸಮಯ.

ಅಂಗಡಿಯ ಮುಂದೆ ಬೋರಲು ಹಾಕಿದ ದೋಣಿಯ ಮೇಲೆ ಒಬಿಯೆರೊನ ತಾಯಿ ಸಬೀನಾ ಕೂತಿದ್ದಳು. ಬೆಳಗಿನಿಂದ ಅವಳು ಅಲ್ಲಿಂದ ಕದಲಿರಲಿಲ್ಲ.

“ಏನಾದ್ರೂ ಸಿಕ್ತಾ ಮಗಳೇ?”

“ಇನ್ನೂ ಇಲ್ಲಮ್ಮ.”

“ಹುಡುಕು. ಅವನೂ ನಿಧಾನಕ್ಕೇ ಉಣ್ಣಲಿ.”

ಆಕುಮು ತನ್ನ ಟೋಪಿಯ ಮಡಿಕೆಯಿಂದ ತನ್ನದೇ ಸಿಮ್ ತೆಗೆದಳು. ಖಾಲಿ ಗೂಡಿಗೆ ತಳ್ಳಿ ಬ್ಯಾಟರಿ ಕೂರಿಸಿದಳು. ಮುಚ್ಚಳ ಕೂರಲಿಲ್ಲ.

“ಹೇಳಲಿಲ್ವಾ ನಾನು?” ಎಂದು ತ್ರುಫೇನಾ ಫೋನು ಕಿತ್ತುಕೊಂಡು, ಮಣಿಕಟ್ಟಿನ ರಬ್ಬರ್ ಬ್ಯಾಂಡು ತೆಗೆದು ಅದಕ್ಕೆ ಸುತ್ತಿದಳು. “ಪೊಲೀಸಿನವರ ಕೈ. ಬಾಗಿಲು ಒದೆಯೋಕೆ ಮಾತ್ರ ಲಾಯಕ್ಕು.”

“ಒದೆಯೋದು ಕಾಲಲ್ಲಿ, ನ್ಯಾರ್ ಸೆಮೆ.”

ಸೆಮೆ ಊರಿನ ಮಗಳಾದ್ದರಿಂದ ತ್ರುಫೇನಾಳನ್ನು ದಡದಲ್ಲಿ ಎಲ್ಲರೂ ಕರೆಯುವುದು ಹಾಗೆಯೇ. ಅವಳು ಮೊದಲ ಸಲ ನಕ್ಕಳು.

ಫೋನು ಮಹಿಳಾ ಸಂಘದ್ದು. ದಡದಲ್ಲಿ ಇಂಟರ್ನೆಟ್ಟಿನ ಪುಟ ತೆರೆಯುವ ಫೋನು ಅದೊಂದೇ. ಜನ ತಮ್ಮ ತಮ್ಮ ಸಿಮ್ ತರುತ್ತಿದ್ದರು, ಸೆರಗಿನ ಗಂಟಿನಲ್ಲಿ, ಬೈಬಲ್ಲಿನ ಹಾಳೆಗಳ ನಡುವೆ, ಕೆಲವರು ಬಾಯೊಳಗೆ. ಹಾಕಿ, ಮಾತಾಡಿ, ಪುಟ ಓದಿ, ಸಿಮ್ ಕಿತ್ತುಕೊಂಡು ಹೋಗುತ್ತಿದ್ದರು. ಬಟ್ಟಲು ಸಂಘದ್ದು, ಗಂಜಿ ಅವರವರದು ಎನ್ನುತ್ತಿದ್ದಳು ತ್ರುಫೇನಾ. ಸಿಮ್ ತೆಗೆದರೆ ತನ್ನ ಗುಟ್ಟೆಲ್ಲ ತನ್ನ ಜತೆಗೇ ಬಂತು ಎಂದು ದಡದ ಪ್ರತಿಯೊಬ್ಬನೂ ನಂಬಿದ್ದ. ಪಟ್ಟಣದ ಇನ್‌ಸ್ಪೆಕ್ಟರರೂ ಹಾಗೆಯೇ ಹೇಳಿದ್ದರು. “ಸಿಮ್ ಸಿಕ್ಕಿದರೆ ಬಾ. ಸಿಮ್ ಇಲ್ಲದ ಫೋನು ಖಾಲಿ ಸೀಸೆ.”

ಆದರೂ ಆಕುಮು ಬಂದಿದ್ದಳು. ಬರಲು ಬೇರೆ ಜಾಗವೇ ಇರಲಿಲ್ಲ.

“ಅವತ್ತು ಎಲ್ಕಾನ ಏನು ಓದ್ತಿದ್ದ?”

“ನಾನ್ಯಾಕೆ ಇಣುಕಲಿ? ಮೊದಲು ಫುಟ್‌ಬಾಲು. ಆಮೇಲೆ ಇನ್ನೇನೋ. ಬೆನ್ನು ತಿರುಗಿಸಿ ಕೂತಿದ್ದ.” ತ್ರುಫೇನಾ ಸ್ಟೂಲನ್ನು ಕಿಟಕಿಯ ಕಡೆಗೆ ಎಳೆದಳು. “ಒಂದು ಸಲ ಮಾತ್ರ ನನ್ನ ಕರೆದ. ಚಿತ್ರ ತೋರಿಸೋ ಹಾಗೆ ಮಾಡು ಅಂದ. ನಾನು ಚಿತ್ರ ಆರಿಸೇ ಇಟ್ಟಿರ್ತೀನಿ, ಎಲ್ಲರೂ ಹಾಗೇ ಓದೋದು. ಚಿತ್ರ ಕರೆನ್ಸಿ ತಿನ್ನುತ್ತೆ, ಮೇಕೆ ಮೇವು ತಿಂದ ಹಾಗೆ. ತಿನ್ನಲಿ ಹಾಕು ಅಂದ. ಹಾಕ್ದೆ. ನೋಡಿದ. ಆಮೇಲೆ ತಾನಾಗಿ ಆರಿಸು ಅಂದ. ಮುಖ ಹಿಟ್ಟಿನ ಹಾಗೆ ಆಗಿತ್ತು.”

“ಇದನ್ನ ನಿನ್ನೆ ಯಾಕೆ ಹೇಳಲಿಲ್ಲ?”

“ನಿನ್ನೆ ನೀವು ಹಗ್ಗದ ವಿಷಯ ಕೇಳಿದ್ರಿ.”

ಫೋನು ಮಿನುಗಿತು. ಸಿಗ್ನಲ್ ಇರುತ್ತಿದ್ದುದು ಕಿಟಕಿಯ ಬಲಮೂಲೆಯಲ್ಲಿ ಮಾತ್ರ. ಅಲ್ಲಿ ಒಂದು ಹಾಲಿನ ಪುಡಿಯ ಡಬ್ಬ ಮೊಳೆ ಹೊಡೆದು ಕೂರಿಸಿತ್ತು. ಫೋನನ್ನು ಅದರಲ್ಲಿಟ್ಟು, ಸ್ಟೂಲಿನ ಮೇಲೆ ಮೊಣಕಾಲೂರಿ, ತಲೆ ಹೊರಗೆ ಹಾಕಿ ಓದಬೇಕು. ಪ್ರಾರ್ಥನೆಗೆ ಕೂತ ಹಾಗೆ ಕಾಣುತ್ತಿತ್ತು.

ಆಕುಮು ಮೊಣಕಾಲೂರಿದಳು.

ಅವಳು ಪುಟ ತೆರೆದವಳೇ ಅಲ್ಲ. ಇನ್ನೊಬ್ಬರು ತೆರೆದದ್ದನ್ನು ದೂರದಿಂದ ಕಂಡಿದ್ದಳು, ಅಷ್ಟೇ. ತ್ರುಫೇನಾ ಮೊದಲ ದಿನ ನೈರೋಬಿಯಲ್ಲಿ ಮಳೆ ಎಂದು ಗಟ್ಟಿಯಾಗಿ ಓದಿದಾಗ ಮುದುಕಿಯೊಬ್ಬಳು ಒಣಹಾಕಿದ ಓಮೆನ ಮೀನು ಬಾಚಿಕೊಳ್ಳಲು ಓಡಿದ್ದಳು. ಆಗ ಎಲ್ಲರೂ ನಕ್ಕಿದ್ದರು. ಆಕುಮು ನಕ್ಕಿರಲಿಲ್ಲ. ಎರಡು ವರ್ಷದಿಂದ ಅವಳಿಗೆ ಯಾವುದೂ ತಾಕುತ್ತಿರಲಿಲ್ಲ. ಚಹಾ ನಾಲಿಗೆ ಸುಟ್ಟದ್ದು ಮರುದಿನ ತಿಳಿಯುತ್ತಿತ್ತು.

ಮೂಲೆಯಲ್ಲಿ ಕಾಳಿನಷ್ಟು ಭೂಮಿಯ ಚಿತ್ರ ತಿರುಗತೊಡಗಿತು. ತಿರುಗಿತು, ತಿರುಗಿತು. ಪರದೆ ಬಿಳಿಯಾಗಿಯೇ ಇತ್ತು. ಆಮೇಲೆ ಮೇಲ್ತುದಿಯಲ್ಲಿ ಒಂದು ಸಾಲು ಬಂತು. ಅದರ ಕೆಳಗೆ ಇನ್ನೊಂದು. ಎಲ್ಲಿಂದಲೋ, ಗುಡ್ಡದ ಮೇಲಿನ ಟವರಿನ ಆಚೆಯ ಯಾವುದೋ ಊರಿನಿಂದ, ಅಕ್ಷರಗಳು ಒಂದೊಂದಾಗಿ ಈ ಹಾಲಿನ ಡಬ್ಬಕ್ಕೆ ಬಂದು ಇಳಿಯುತ್ತಿದ್ದವು. ದಾರಿಯಲ್ಲಿ ಒಂದೂ ಬಿದ್ದುಹೋಗಿರಲಿಲ್ಲ.

ತಾನು ಉಸಿರು ಬಿಗಿ ಹಿಡಿದಿರುವುದು ಅವಳಿಗೆ ಆಗ ತಿಳಿಯಿತು.

“ಮೊದಲ ಸಲ ನನಗೂ ಹೀಗೇ ಆಗಿತ್ತು,” ಎಂದಳು ತ್ರುಫೇನಾ, ಮೆಲ್ಲಗೆ. “ದೇವರು ಬರೀತಿದ್ದಾನೇನೋ ಅನ್ನಿಸ್ತು.”

“ಜನ ತೆರೆದ ಪುಟ ಮತ್ತೆ ಬೇಕಾದ್ರೆ ಏನು ಮಾಡ್ತಾರೆ?”

“ಗುರುತು ಹಾಕಿಡ್ತಾರೆ. ಈ ಗುಂಡಿಗಳಲ್ಲಿ ಹೆಸರು, ಗುಟ್ಟಿನ ಪದ ಒತ್ತೋದ್ರೊಳಗೆ ಅನ್ನ ಬೇಯುತ್ತೆ. ಗುರುತು ಹಾಕಿದ್ರೆ ಕೇಳದೆ ಒಳಗೆ ಬಿಡುತ್ತೆ.”

“ಆ ಗುರುತು ಎಲ್ಲಿರುತ್ತೆ?”

“ಸಿಮ್ಮಲ್ಲಿ. ಇನ್ನೆಲ್ಲಿ?”

ಆಕುಮು ಗುರುತುಗಳ ಪಟ್ಟಿ ತೆರೆದಳು. ಫೋನಿನಲ್ಲಿದ್ದುದು ತನ್ನ ಸಿಮ್. ಆ ಸಿಮ್ಮಿನಿಂದ ಯಾರೂ ಯಾವ ಗುರುತೂ ಹಾಕಿರಲಿಲ್ಲ. ಪಟ್ಟಿ ಖಾಲಿ ಇರಬೇಕಿತ್ತು.

ಖಾಲಿ ಇರಲಿಲ್ಲ. ಫುಟ್‌ಬಾಲ್. ದಿನದ ಬೈಬಲ್ ವಚನ. ಮೀನಿನ ಧಾರಣೆ. ಕೊನೆಯಲ್ಲಿ, ಬರಾಜ ಹರಟೆ ಮನೆ.

ತ್ರುಫೇನಾ ಅವಳ ಹೆಗಲ ಮೇಲಿನಿಂದ ನೋಡಿದಳು.

“ಅಯ್ಯೋ. ಗಂಜಿ ಬಟ್ಟಲಲ್ಲೇ ಉಳಿದಿದೆ.”

“ಎಲ್ಲರದ್ದೂ,” ಎಂದಳು ಆಕುಮು. “ಕೊಲೆಗಾರ ಸಿಮ್ ಒಯ್ದ. ಬಟ್ಟಲು ಬಿಟ್ಟುಹೋದ.”

ಅವಳು ಬರಾಜಕ್ಕೆ ಇಳಿದು ಗುಂಡಿಯ ಮೇಲೆ ಬೆರಳಿಟ್ಟಳು. ಒತ್ತುವ ಮೊದಲೇ ಕಿಟಕಿಗೆ ನೆರಳು ಬಿತ್ತು.

ನಾಷೋನ್ ರಾಬುರು. ದಡದ ಸಮಿತಿಯ ಅಧ್ಯಕ್ಷ. ಆಕುಮುವಿನ ಗಂಡನ ಅಣ್ಣ. ಬಿಸಿಲಲ್ಲೂ ಕೋಟು ತೊಟ್ಟವನು, ಕೈಯಲ್ಲಿ ನೊಣ ಓಡಿಸುವ ಬಾಲದ ಕೋಲು.

“ಸಾರ್ಜೆಂಟಮ್ಮ ಫೋನಿಗೆ ಪೂಜೆ ಮಾಡ್ತಿದ್ದಾರೆ,” ಎಂದ ಅವನು ಹಿಂದೆ ನಿಂತ ಬಲೆಗಾರರಿಗೆ. ಅವರು ನಕ್ಕರು.

“ಕೆಲಸ ಮಾಡ್ತಿದ್ದೀನಿ, ಭಾವ.”

“ಕೆಲಸ ಮುಗಿದಿದೆ. ಕೊಲೆಗಾರ ಲಾರಿಯಲ್ಲಿದ್ದಾನೆ. ಅವನನ್ನ ಊರು ದಾಟಿಸಿದ ಮೇಲೇ ದೋಣಿ ನೀರಿಗಿಳಿಸೋದು ಅಂತ ಹಿರಿಯರು ಹೇಳಿದ್ದಾರೆ. ಜನದ ಒಲೆ ಆರಿದೆ. ಮಕ್ಕಳು ಬರಿ ಉಗಾಲಿ ನುಂಗ್ತಿವೆ. ಆ ಫೋನು ಕೊಡು, ನ್ಯಾರ್ ಸೆಮೆ. ಸತ್ತವನ ಕೈ ತಾಕಿದ್ದು. ಸಮಿತಿ ಇಟ್ಟುಕೊಳ್ಳುತ್ತೆ.”

“ಫೋನು ಸಂಘದ್ದು ಅಧ್ಯಕ್ಷರೇ,” ಎಂದಳು ತ್ರುಫೇನಾ. “ಸತ್ತವನ ಕೈ ತಾಕಿದ್ದೆಲ್ಲ ಸಮಿತಿಗೆ ಅಂದ್ರೆ ನನ್ನ ಸ್ಟೂಲೂ ಹೊತ್ಕೊಂಡು ಹೋಗಿ.”

ಈ ಸಲ ಬಲೆಗಾರರು ಅವನನ್ನು ನೋಡಿ ನಕ್ಕರು.

ನಾಷೋನ್ ದನಿ ತಗ್ಗಿಸಿದ. “ಆಕುಮು, ನಿನ್ನ ನೋವು ನನಗೆ ಗೊತ್ತು. ನೀರಿನಲ್ಲಿ ಹೋದವರ ವಿಷಯ ಬಂದರೆ ನಿನಗೆ ನಿದ್ದೆ ಇರಲ್ಲ. ನಾನೂ ತಮ್ಮನನ್ನ ಹೂತವನು.”

“ತಮ್ಮನನ್ನಲ್ಲ,” ಎಂದಳು ಆಕುಮು. “ಕಾಯಿಯನ್ನ.”

ಬಲೆಗಾರರ ನಗು ನಿಂತಿತು.

ಜೊವಾಕಿಮ್ ರಾಬುರು ಗಾಳಿಯೆದ್ದ ಬೆಳಗೊಂದರಲ್ಲಿ ದೋಣಿ ತೆಗೆದುಕೊಂಡು ಹೋದವನು. ದೋಣಿ ಬೋರಲಾಗಿ ತೇಲಿ ಬಂತು, ಅವನು ಬರಲಿಲ್ಲ. ಹೆಣ ಸಿಗದವರಿಗೆ ಮಾಡುವಂತೆಯೇ ಅವನಿಗೂ ಮಾಡಿದರು. ಯಾಗೊ ಮರದ ಕಾಯಿ, ಬೂದು ಬಣ್ಣದ್ದು, ಹಾಲು ಕುಡಿಯುವ ಕೂಸಿನಷ್ಟು ಭಾರ. ಅದನ್ನು ಅವನ ಕಂಬಳಿಯಲ್ಲಿ ಸುತ್ತಿ, ಅವನ ಹೆಸರು ಕೂಗಿ, ಅಂಗಳದಲ್ಲಿ ಹೂತರು. ಬೇಗ ಆಗಲಿ ಎಂದವನು ನಾಷೋನ್. ಆಕುಮು ಮಂಡೆ ಬೋಳಿಸಿಕೊಂಡು ನೋಡುತ್ತ ನಿಂತಿದ್ದಳು. ಯಾಗೊ ಹೂತ ಮೇಲೆ ಮನುಷ್ಯ ಸತ್ತ ಹಾಗೆಯೇ. ಆಮೇಲೆ ಅವನೇ ಕಾಲಲ್ಲಿ ನಡೆದು ಬಂದರೂ ಯಾರೂ ಬಾಗಿಲು ತೆಗೆಯುವುದಿಲ್ಲ. ತೆಗೆದರೆ ಆ ಮನೆಯಿಂದ ಇನ್ನೊಂದು ಹೆಣ ಹೊರಡುತ್ತದೆ.

“ಒಂದು ಪುಟ ನೋಡ್ತೀನಿ ಭಾವ. ಆಮೇಲೆ ಲಾರಿ ಹೊರಡಲಿ.”

ಅವನು ಉತ್ತರ ಹೇಳುವ ಮೊದಲೇ ಅವಳು ಗುಂಡಿ ಒತ್ತಿದ್ದಳು.

ಕಾಳಿನಷ್ಟು ಭೂಮಿ ತಿರುಗಿತು. ಸಬೀನಾ ದೋಣಿಯಿಂದ ಎದ್ದು ಬಂದು ಕಿಟಕಿ ಹಿಡಿದು ನಿಂತಳು. ಬಲೆಗಾರರು ಹತ್ತಿರ ಸರಿದರು.

ಮೊದಲ ಸಾಲು ಇಳಿಯಿತು.

ಸ್ವಾಗತ, ವಾಸೊಂಗ.

ಜನರ ನಡುವೆ ಯಾರೋ “ಯೇಸುವೇ” ಎಂದರು. ಮಣ್ಣಿಗೆ ಹೋಗಬೇಕಾದವನನ್ನು ಯಂತ್ರ ಹೆಸರು ಹಿಡಿದು ಒಳಗೆ ಕರೆದಿತ್ತು. ಅವನು ಸತ್ತ ಸುದ್ದಿ ಅಲ್ಲಿಗೆ ಇನ್ನೂ ಹೋಗಿರಲಿಲ್ಲ.

ಆಕುಮುವಿನ ಬೆನ್ನಿನುದ್ದಕ್ಕೂ ತಣ್ಣಗೆ ಏನೋ ಹರಿಯಿತು. ಅದು ಭಯವಲ್ಲ. ಎರಡು ವರ್ಷ ಮರೆತಿದ್ದ ಏನೋ.

ಎಲ್ಕಾನ ಮಾತಾಡಿದ್ದು ಒಬ್ಬನ ಜತೆಗೆ ಮಾತ್ರ. ಅಲ್ಲಿ ಹೊಸ ಮಾತು ಮೇಲೆ, ಹಳೆಯದು ಕೆಳಗೆ. ಅವಳು ತಳಕ್ಕೆ ಇಳಿದು, ಬಾವಿಯಿಂದ ಹಗ್ಗ ಸೇದುವ ಹಾಗೆ ಮೇಲಕ್ಕೆ ಓದುತ್ತ ಬಂದಳು. ಗಟ್ಟಿಯಾಗಿಯೇ ಓದಿದಳು. ಎಲ್ಲರೂ ಸಾಕ್ಷಿಯಾಗಲಿ ಎಂದು.

“ವಾಸೊಂಗ: ನಿನ್ನ ಚಿತ್ರ ನೋಡಿದೆ. ನೀನು ಯಾರೆಂದು ಗೊತ್ತಾಯಿತು.”

“ಇನ್ನೊಬ್ಬನು: ಯಾರಿಗೆ ಹೇಳಿದ್ದೀಯ?”

“ವಾಸೊಂಗ: ಯಾರಿಗೂ ಇಲ್ಲ.”

“ಇನ್ನೊಬ್ಬನು: ನಾಳೆ ಎಲ್ಲರೂ ಚರ್ಚಿಗೆ ಹೋದ ಮೇಲೆ ಐಸ್ ಮನೆಯ ಹಿಂದೆ ಬಾ. ಒಬ್ಬನೇ ಬಾ.”

ಸಬೀನಾಳ ಗಂಟಲಿನಿಂದ ಒಂದು ಸದ್ದು ಬಂತು. ಅಳುವೂ ಅಲ್ಲ, ಕೂಗೂ ಅಲ್ಲ.

“ಕೇಳಿದ್ರಾ? ಕೇಳಿದ್ರಾ ಎಲ್ಲರೂ? ನನ್ನ ಮಗನಿಗೆ ಅಕ್ಷರ ಬರಲ್ಲ. ಅವನ ಹೆಸರಿನ ಮೊದಲಕ್ಷರ ತೋರಿಸಿದ್ರೆ ಮೊಟ್ಟೆ ಅಂತಾನೆ!”

ಆಕುಮು ಕೊನೆಯ ಮಾತಿಗೆ ಬಂದಳು. ಇದನ್ನು ಗಟ್ಟಿಯಾಗಿ ಓದಲಾಗಲಿಲ್ಲ.

ವಾಸೊಂಗ: ಬರುತ್ತೇನೆ. ಆದರೆ ಅವಳಿಗೆ ಹೇಳಬೇಕಾದವನು ನೀನು. ನೀನು ಹೇಳದಿದ್ದರೆ ನಾನೇ ಹೇಳುತ್ತೇನೆ. ಅವಳು ಮಂಡೆ ಬೋಳಿಸಿಕೊಂಡು ನಿಂತದ್ದನ್ನು ನಾನು ನೋಡಿದ್ದೇನೆ.

“ಆ ಇನ್ನೊಬ್ಬನಿಗೆ ಹೆಸರಿಲ್ವಾ?” ಎಂದು ತ್ರುಫೇನಾ ಕೇಳಿದಳು.

ಇತ್ತು. ಪ್ರತಿ ಮಾತಿನ ಮುಂದೆಯೂ ಇತ್ತು. ಆಕುಮು ಬೇಕೆಂದೇ ಅದನ್ನು ಬಿಟ್ಟು ಓದಿದ್ದಳು.

“ಯಾಗೊ,” ಎಂದಳು.

ಕಿಟಕಿಯ ಹೊರಗಿನ ಜನ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಆ ಹೆಸರನ್ನು ಬದುಕಿರುವ ಯಾರೂ ಇಟ್ಟುಕೊಳ್ಳುವುದಿಲ್ಲ. ಮಗುವಿಗೆ ಗೋರಿ ಎಂದು ಯಾರಾದರೂ ಹೆಸರಿಡುತ್ತಾರೆಯೇ?

ಲಾರಿಯ ಕಡೆಯಿಂದ ಕಿಪ್ರೋನೊ ಕೈ ತೊಳೆದುಕೊಳ್ಳುವ ಸದ್ದು ಕೇಳಿತು. “ಸಾರ್ಜೆಂಟ್! ಹೊರಡೋಣ್ವಾ?”

“ನಿಲ್ಲು!”

“ಹೊರಡಲಿ,” ಎಂದ ನಾಷೋನ್. “ಇದೇನು ಸಾಕ್ಷಿ? ಹರಟೆ ಪುಟದಲ್ಲಿ ಯಾರು ಬೇಕಾದ್ರೂ ಯಾವ ಹೆಸರು ಬೇಕಾದ್ರೂ ಹಾಕ್ಕೊಳ್ತಾರೆ. ನಾಳೆ ನಾನು ಬಿಷಪ್ಪು ಅಂತ ಹಾಕ್ಕೊಂಡ್ರೆ ನನ್ನ ಕಾಲಿಗೆ ಬೀಳ್ತೀಯಾ? ಇನ್‌ಸ್ಪೆಕ್ಟರು ಉಗೀತಾರೆ. ಹೆಸರಿಗೆ ಮುಖ ಇಲ್ಲ.”

ಆಕುಮು ಪರದೆಯನ್ನು ನೋಡಿದಳು. ಯಾಗೊ ಎಂಬ ಹೆಸರಿನ ಪಕ್ಕದಲ್ಲಿ ಒಂದು ಖಾಲಿ ಚೌಕ. ಬೆಂಕಿಕಡ್ಡಿಯ ತುಂಡುಗಳಿಂದ ಕಟ್ಟಿದಂತೆ ನಾಲ್ಕು ಗೆರೆ, ಒಳಗೆ ಏನೂ ಇಲ್ಲ. ದಡದಲ್ಲಿ ಪುಟ ಓದುವ ಎಲ್ಲರೂ ಇಂಥ ಚೌಕಗಳನ್ನು ದಾಟಿಕೊಂಡೇ ಓದುತ್ತಿದ್ದರು.

“ಮುಖ ಇದೆ, ಭಾವ. ನಾವು ಆರಿಸಿಟ್ಟಿದ್ದೀವಿ. ನ್ಯಾರ್ ಸೆಮೆ, ಚಿತ್ರ ಹಾಕು.”

ತ್ರುಫೇನಾ ಫೋನು ಕೈಗೆ ತೆಗೆದುಕೊಂಡು ಎರಡು ಗುಂಡಿ ಒತ್ತಿದಳು. ನಾಲಿಗೆ ಕಚ್ಚಿಕೊಂಡಳು. “ಸಾರ್ಜೆಂಟ್, ನಿಮ್ಮ ಕರೆನ್ಸಿ ಮುಗೀತಾ ಬಂತು. ಚಿತ್ರ ಅರ್ಧಕ್ಕೇ ನಿಲ್ಲುತ್ತೆ.”

ಸಬೀನಾ ಸೊಂಟದ ಗಂಟು ಬಿಚ್ಚಿದಳು. ಒಳಗಿನಿಂದ ಮಡಿಚಿದ ಕರೆನ್ಸಿ ಕಾರ್ಡು ಬಂತು, ಇನ್ನೂ ಕೆರೆಯದ್ದು.

“ಮಗಳಿಗೆ ಫೋನು ಮಾಡೋಕೆ ಇಟ್ಟಿದ್ದೆ. ನಿನ್ನ ತಮ್ಮನ್ನ ಜೈಲಿಗೆ ಹಾಕಿದ್ರು ಅಂತ ಹೇಳೋಕೆ. ತಗೋ. ಹೇಳೋ ಹಾಗೆ ಆಗದೇ ಇರಲಿ.”

ತ್ರುಫೇನಾ ಉಗುರಿನಿಂದ ಕೆರೆದು ಸಂಖ್ಯೆ ಒತ್ತಿದಳು. ಫೋನನ್ನು ಮತ್ತೆ ಹಾಲಿನ ಡಬ್ಬಕ್ಕೆ ಇಳಿಸಿದಳು.

ಚಿತ್ರ ಒಮ್ಮೆಲೇ ಬರಲಿಲ್ಲ. ಚಾಪೆ ಬಿಚ್ಚಿದ ಹಾಗೆ, ಮೇಲಿನಿಂದ ಕೆಳಕ್ಕೆ, ಪಟ್ಟಿ ಪಟ್ಟಿಯಾಗಿ ಇಳಿಯಿತು.

ಮೊದಲು ಆಕಾಶ. ಹೆಬ್ಬೆರಳಿನಗಲದ ಚೌಕದಲ್ಲಿ ಒಂದು ಇಡೀ ಆಕಾಶ. ಆಮೇಲೆ ಅದರ ಬಲಬದಿಯಲ್ಲಿ ಕೆಂಪು, ಬಿಳಿ, ಕೆಂಪು, ಬಿಳಿ. ಟವರು. ಜನರೆಲ್ಲ ಒಟ್ಟಿಗೆ ತಲೆಯೆತ್ತಿ ಗುಡ್ಡದ ಕಡೆ ನೋಡಿದರು. ಅಲ್ಲಿಯೂ ಅದೇ ಟವರು, ಅದೇ ಕೆಂಪು ಬಿಳಿ.

“ನಮ್ಮ ಗುಡ್ಡ!” ಎಂದ ಬಲೆಗಾರನೊಬ್ಬ. “ನಮ್ಮ ಗುಡ್ಡ ಅದರೊಳಗೆ ಹೆಂಗೆ ಹೋಯ್ತು?”

ಆಮೇಲೆ ಕೂದಲು. ಹಣೆ. ಪಟ್ಟಿ ಅಲ್ಲಿ ನಿಂತಿತು. ಭೂಮಿ ತಿರುಗುತ್ತಲೇ ಇತ್ತು. ಯಾರೋ “ಬಾ, ಬಾ” ಎಂದು ಕರುವನ್ನು ಕರೆಯುವಂತೆ ಕರೆದರು.

ಕಣ್ಣು ಬಂದವು.

ಆಕುಮು ನಗರದ ಮ್ಯಾಜಿಕ್ ನೋಡಿದ್ದಳು, ವಿಮಾನ ನೋಡಿದ್ದಳು, ಪಾದ್ರಿಯ ಪ್ರಾರ್ಥನೆಗೆ ಕುಂಟ ಎದ್ದು ನಿಂತದ್ದನ್ನು ನೋಡಿದ್ದಳು. ಇದು ಅವು ಯಾವುದರಂತೆಯೂ ಇರಲಿಲ್ಲ. ಪಟ್ಟಿಯ ಮೇಲೆ ಪಟ್ಟಿ, ಯಾರೋ ತಾಳ್ಮೆಯಿಂದ ಒಬ್ಬ ಮನುಷ್ಯನನ್ನು ಅವಳ ಮುಂದೆ ಮತ್ತೆ ಮಾಡುತ್ತಿದ್ದರು. ಮೂಗು. ಕೆನ್ನೆ. ಎಡಗಿವಿ. ಚಿಕ್ಕಂದಿನಲ್ಲಿ ಗಾಳದ ಕೊಕ್ಕೆ ಸಿಕ್ಕಿ ಅದರ ಕೆಳತುದಿ ಹರಿದುಹೋಗಿತ್ತು. ಆ ಹರಿದ ಅಂಚಿಗೆ ಅವಳು ಎಷ್ಟೋ ಸಲ ಬೆರಳು ತಾಕಿಸಿ ಮಲಗಿದ್ದಳು.

ಜೊವಾಕಿಮ್.

ಅವನ ಬಾಯಿ ಇಳಿದಾಗ ಅದು ನಗುತ್ತಿತ್ತು.

ಆಕುಮುವಿನ ಕಣ್ಣಿನಿಂದ ನೀರು ಇಳಿಯಿತು. ಹೂತ ದಿನ ಇಳಿಯದ ನೀರು. ಅವಳು ಒರೆಸಿಕೊಳ್ಳಲಿಲ್ಲ, ಒರೆಸಿದರೆ ಚಿತ್ರವೂ ಅಳಿಸಿಹೋಗುತ್ತದೆ ಅನ್ನಿಸಿತು.

“ಹಳೇ ಫೋಟೋ ಇರಬೇಕು,” ಎಂದಳು ತ್ರುಫೇನಾ. “ಪಾಪ, ಯಾರೋ ಅವನ ಹಳೇ ಫೋಟೋ ಕದ್ದು…”

“ಟವರು ಯಾವಾಗ ಬಂತು, ನ್ಯಾರ್ ಸೆಮೆ?”

ತ್ರುಫೇನಾ ಮತ್ತೆ ಗುಡ್ಡದ ಕಡೆ ನೋಡಿದಳು. ಟವರು ಬಂದದ್ದು ಕಳೆದ ಮಳೆಗಾಲದ ನಂತರ. ಅದನ್ನು ನಿಲ್ಲಿಸುವಾಗ ಜೊವಾಕಿಮ್‌ನ ಹೆಸರಿನ ಕಾಯಿ ಮಣ್ಣಿನಡಿ ಸೇರಿ ವರ್ಷ ದಾಟಿತ್ತು. ಗೋರಿಯೊಳಗೆ ಮಲಗಿರಬೇಕಾದವನು ಟವರಿನ ಮುಂದೆ ನಿಂತು ನಗುತ್ತಿದ್ದ.

ಬಲೆಗಾರರು ಟೋಪಿ ತೆಗೆದರು. ಒಬ್ಬ ಶಿಲುಬೆಯ ಗುರುತು ಮಾಡಿಕೊಂಡ. ಸಬೀನಾ ಕಿಟಕಿಯ ಚೌಕಟ್ಟಿಗೆ ಹಣೆಯಿಟ್ಟು, ಬಂದ ದೇವರನ್ನು ನೋಡುವಂತೆ ಫೋನನ್ನೇ ನೋಡುತ್ತಿದ್ದಳು. ಕೈ ತೊಳೆದವನೇ ಬಂದಿದ್ದ ಕಿಪ್ರೋನೊ ನೀರು ತೊಟ್ಟಿಕ್ಕುವ ಕೈಗಳನ್ನು ಹಾಗೆಯೇ ಹಿಡಿದು ನಿಂತಿದ್ದ.

ಆಕುಮು ಭಾವನ ಕಡೆ ತಿರುಗಿದಳು.

ನಾಷೋನ್ ಆ ಮುಖವನ್ನು ನೋಡುತ್ತಿರಲಿಲ್ಲ. ಜನರನ್ನು ನೋಡುತ್ತಿದ್ದ. ಯಾರು ಯಾರು ನೋಡಿದರು ಎಂದು ಎಣಿಸುವಂತೆ. ಕೈಯಲ್ಲಿನ ಬಾಲದ ಕೋಲು ಮೊದಲಿನಂತೆಯೇ ಮೆಲ್ಲಗೆ ತೂಗುತ್ತಿತ್ತು.

ಆ ಕಿಟಕಿಯ ಬಳಿ ಬೆರಗಾಗದವನು ಅವನೊಬ್ಬನೇ.

“ನಿಮ್ಮ ತಮ್ಮ ಬದುಕಿದ್ದಾನೆ, ಭಾವ.”

“ನನ್ನ ತಮ್ಮನನ್ನ ನಾನು ಹೂತಿದ್ದೀನಿ.”

“ನಿಮಗೆ ಗೊತ್ತಿತ್ತು.”

“ನನಗೆ ಗೊತ್ತಿರೋದು ಇಷ್ಟೇ.” ಅವನು ಕಿಟಕಿಯೊಳಗೆ ತಲೆ ತೂರಿಸಿದ. ಅವನ ಉಸಿರಿನಲ್ಲಿ ನಶ್ಯದ ವಾಸನೆ ಇತ್ತು. ಮಾತು ಅವಳಿಗೆ ಮಾತ್ರ ಕೇಳುವಷ್ಟು ಮೆತ್ತಗೆ ಬಂತು. “ಯಾಗೊ ಹೂತ ಮೇಲೆ ಎದ್ದು ಬಂದವನಿಗೆ ಮನೆಯಿಲ್ಲ, ಹೆಂಡತಿಯಿಲ್ಲ, ಹೆಸರಿಲ್ಲ. ಇವತ್ತಿನವರೆಗೆ ನೀನು ಒಳ್ಳೆಯವನ ವಿಧವೆ. ಈ ಚಿತ್ರ ಪಟ್ಟಣಕ್ಕೆ ಹೋದರೆ ಕೊಲೆಗಾರನ ಹೆಂಡತಿ. ನಿನ್ನ ಸಮವಸ್ತ್ರ ಬಿಚ್ಚಿಸ್ತಾರೆ. ಅವನನ್ನ ಹುಡುಕಿ ಗಲ್ಲಿಗೆ ಹಾಕ್ತಾರೆ. ಎರಡನೇ ಸಲ ಬೋಳಿಸ್ಕೊಳ್ತೀಯಾ? ಅಳಿಸು. ಒಂದು ಗುಂಡಿ, ಅಷ್ಟೇ. ಇವರೆಲ್ಲ ಹಸಿದಿದ್ದಾರೆ. ದೋಣಿ ನೀರಿಗಿಳಿದ್ರೆ ನಾಳೆ ಮರೀತಾರೆ.”

“ಮತ್ತೆ ಒಬಿಯೆರೊ?”

“ಅವನಿಗೆ ಹೆಂಡತಿ ಮಕ್ಕಳಿಲ್ಲ.”

“ತಾಯಿ ಇ‌ದ್ದಾಳೆ,” ಎಂದಳು ಸಬೀನಾ. ಚೌಕಟ್ಟಿಗೆ ಒರಗಿದ್ದ ಅವಳಿಗೆ ಎಲ್ಲವೂ ಕೇಳಿಸಿತ್ತು. ಅವಳು ಬೇಡಲಿಲ್ಲ. ಕೆರೆದ ಕಾರ್ಡು ಇನ್ನೂ ಅವಳ ಮುಷ್ಟಿಯಲ್ಲಿತ್ತು.

ಆಕುಮು ಪರದೆ ನೋಡಿದಳು. ಅಳಿಸುವ ಗುಂಡಿ ಯಾವುದೆಂದು ಅದರ ಕೆಳತುದಿಯಲ್ಲೇ ಬರೆದಿತ್ತು. ಒಂದು ಸಲ ಒತ್ತಿದರೆ ಯಂತ್ರ ಹೌದಾ ಎಂದು ಕೇಳುತ್ತದೆ. ಇನ್ನೊಂದು ಸಲ ಒತ್ತಿದರೆ ಆ ನಗುವ ಬಾಯಿ ಬಂದ ದಾರಿಯಲ್ಲೇ ಹಿಂತಿರುಗಿ ಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಅವಳಿಗೆ ಅವನನ್ನು ಇನ್ನೊಂದಿಷ್ಟು ಹೊತ್ತು ನೋಡಬೇಕಿತ್ತು. ಅದೇ ಅವಳಿಗೆ ನಾಚಿಕೆ ತಂದಿತು.

“ಕಿಪ್ರೋನೊ,” ಎಂದಳು. “ಇಲ್ಲಿ ಬಾ. ಚೆನ್ನಾಗಿ ನೋಡಿಕೊ. ಈ ಮುಖ, ಈ ಹೆಸರು, ಈ ಮಾತು. ಇದು ನನ್ನ ಗಂಡ ಜೊವಾಕಿಮ್ ರಾಬುರು. ನಾನೇ ಗುರುತಿಸಿದ್ದೀನಿ. ಈಗ ಹೋಗಿ ಒಬಿಯೆರೊನ ಕೋಳ ಬಿಚ್ಚು.”

“ಇನ್‌ಸ್ಪೆಕ್ಟರು ಕೇಳಿದ್ರೆ?”

“ಸಿಮ್ ಇಲ್ಲದ ಸೀಸೆ ಖಾಲಿ ಇರಲಿಲ್ಲ ಅಂತ ಹೇಳು.”

ಕಿಪ್ರೋನೊ ಓಡಿದ. ಸಬೀನಾ ಅವನ ಹಿಂದೆ, ಒಂದು ಚಪ್ಪಲಿ ದಾರಿಯಲ್ಲೇ ಬಿಟ್ಟು, ವಯಸ್ಸು ಮರೆತು ಓಡಿದಳು.

ನಾಷೋನ್ ಕೋಟಿನ ಗುಂಡಿ ಹಾಕಿಕೊಂಡ. “ಮೂರ್ಖಳು ನೀನು,” ಎಂದ. ಅವನು ಕೋಪಗೊಂಡಿರಲಿಲ್ಲ. ಅವಳಿಗೆ ಹೆದರಿಕೆ ಹುಟ್ಟಿಸಿದ್ದು ಅದು.

“ನೀವು ಎಲ್ಲಿಗೂ ಹೋಗಬೇಡಿ, ಭಾವ.”

“ಎಲ್ಲಿಗೆ ಹೋಗಲಿ? ದೋಣಿಗಳೆಲ್ಲ ದಡದಲ್ಲಿವೆ.” ಅವನು ನೀರಿನ ಕಡೆ ನೋಡಿದ. “ಒಂದು ಬಿಟ್ಟು.”

ಅದು ಯಾವುದು ಎಂದು ಕೇಳುವಷ್ಟರಲ್ಲಿ ತ್ರುಫೇನಾ ಅವಳ ತೋಳು ಹಿಡಿದಳು. ಉಗುರು ಚುಚ್ಚುವಷ್ಟು ಬಿಗಿಯಾಗಿ.

“ಸಾರ್ಜೆಂಟ್. ಪುಟ ಹೊಸದಾಗಿ ತೆರೀತಿದೆ. ನಾನೇನೂ ಒತ್ತಿಲ್ಲ, ಬೆರಳು ತಾಕಿತು ಅಷ್ಟೇ.”

ಭೂಮಿ ತಿರುಗಿತು. ಸಾಲುಗಳು ಇಳಿದವು. ಸ್ವಾಗತ, ವಾಸೊಂಗ. ಯಾಗೊ ಎಂಬ ಹೆಸರು ಬಂತು. ಅದರ ಪಕ್ಕದಲ್ಲಿ ಮೊದಲು ಇಲ್ಲದಿದ್ದ ಒಂದು ಹಸಿರು ಚುಕ್ಕೆ, ರಾಗಿಕಾಳಿನಷ್ಟು.

“ಚುಕ್ಕೆ ಅಂದ್ರೆ ಏನು?”

“ಈಗ ಅಲ್ಲಿ ಇದ್ದಾನೆ ಅಂತ,” ಎಂದಳು ತ್ರುಫೇನಾ. “ಈಗಲೇ. ಯಾವುದೋ ಫೋನು ಹಿಡ್ಕೊಂಡು, ಇದೇ ಪುಟ ನೋಡ್ತಿದ್ದಾನೆ. ವಾಸೊಂಗ ಬಂದ ಅಂತ ಅವನಿಗೂ ಚುಕ್ಕೆ ಕಾಣುತ್ತೆ.”

ಹೊಸ ಮಾತು ಯಾವಾಗಲೂ ಎಲ್ಲಕ್ಕಿಂತ ಮೇಲೆ. ಅದು ಅಕ್ಷರ ಅಕ್ಷರವಾಗಿ ಅವಳ ಕಣ್ಣ ಮುಂದೆ ಇಳಿಯಿತು.

ಯಾಗೊ: ನೀನು ಸತ್ತಿದ್ದೀಯ.

ಆಕುಮು ಡಬ್ಬದಲ್ಲಿದ್ದ ಹಾಗೆಯೇ ಫೋನನ್ನು ಎರಡೂ ಕೈಯಲ್ಲಿ ಹಿಡಿದಳು. ಆಚೆ ತುದಿಯಲ್ಲಿ ಅವನು ಉಸಿರಾಡುತ್ತಿದ್ದ. ಸರೋವರವಿರಲಿ, ಮಣ್ಣಿರಲಿ, ಎರಡು ವರ್ಷವಿರಲಿ, ಎಲ್ಲವನ್ನೂ ದಾಟಿ ಅವನ ಬೆರಳು ಒತ್ತಿದ ಅಕ್ಷರ ಅವಳ ಅಂಗೈಯಲ್ಲಿ ಬೆಚ್ಚಗಿತ್ತು.

ಲಾರಿಯ ಕಡೆ ಕೋಳ ಬಿಚ್ಚಿದ ಸದ್ದು. ಸಬೀನಾಳ ಸಂತೋಷದ ಉಲುಲು ಕೂಗು ದಡದುದ್ದಕ್ಕೂ ಹಬ್ಬಿತು.

ಆಕುಮು ಒಂದೊಂದು ಗುಂಡಿಯನ್ನು ಹುಡುಕಿ, ಬೇಕಾದ ಅಕ್ಷರ ಬರುವವರೆಗೆ ಮತ್ತೆ ಮತ್ತೆ ಒತ್ತಿದಳು. ಒಂದೇ ಪದ ಬರೆಯಲು ಬಹಳ ಹೊತ್ತು ಹಿಡಿಯಿತು. ಆಮೇಲೆ, ತ್ರುಫೇನಾ ಬೇಡ ಎನ್ನುವ ಮೊದಲೇ, ಕಳುಹಿಸಿದಳು.

ವಾಸೊಂಗ: ನೀನೂ.